ಹತ್ತು ಕಿಲೋ ಮೇವು, ಒಂದು ಚಿಟಿಕೆ ಮದ್ದು

ಕಾನ್ಸಾಸ್ ರಾಜ್ಯದ ನೈರುತ್ಯ ಮೂಲೆಯಲ್ಲಿ ಚಳಿಗಾಲದ ಬೆಳಗಿನ ಐದು ಗಂಟೆ ಎಂದರೆ ಇನ್ನೂ ಗವ್ವೆನ್ನುವ ಕತ್ತಲೆ. ಗಾರ್ಡನ್ ಸಿಟಿ ಊರು ದಾಟಿದ ಮೇಲೆ ಮರವಿಲ್ಲ, ಗುಡ್ಡವಿಲ್ಲ. ಕಣ್ಣು ಹಾಯುವಷ್ಟು ದೂರ ಸಪಾಟು ನೆಲ, ಅದರ ಮೇಲೆ ಬಿಡುವಿಲ್ಲದೆ ಬೀಸುವ ಗಾಳಿ. ಆ ಗಾಳಿ ಮೊದಲು ಸಗಣಿ ಗಂಜಲದ ವಾಸನೆಯನ್ನು ತರುತ್ತದೆ, ಬೆನ್ನಿಗೇ ಬೆಂದ ಮೆಕ್ಕೆಜೋಳದ ಸಿಹಿ ಘಮವನ್ನು. ಕಬ್ಬಿಣದ ಕೊಳವೆಗಳ ಬೇಲಿಯ ಆಚೆ ಸಾವಿರಾರು ದನಗಳು ಮಲಗಿವೆ. ಹೆಚ್ಚಿನವು ಕಪ್ಪು ಆಂಗಸ್ ರಕ್ತದವು. ಕತ್ತಲಲ್ಲಿ ಮೈ ಕಾಣುವುದಿಲ್ಲ, ಮೂಗಿನಿಂದ ಏಳುವ ಹಬೆ ಕಾಣುತ್ತದೆ, ಮೆಲುಕಿನ ಸದ್ದು ಕೇಳುತ್ತದೆ.

ಗೋದಲಿಯ ಪಕ್ಕದ ದಾರಿಯಲ್ಲಿ ಒಂದು ಪಿಕಪ್ ಗಾಡಿ ನಡಿಗೆಯ ವೇಗದಲ್ಲಿ ಬರುತ್ತಿದೆ. ಅದರ ಪಕ್ಕದ ದೀಪದ ಬೆಳಕು ಕಾಂಕ್ರೀಟ್ ಗೋದಲಿಯ ತಳವನ್ನು ಸವರುತ್ತಾ ಸಾಗುತ್ತದೆ. ಒಳಗೆ ಕೂತವನಿಗೆ ತಿಳಿಯಬೇಕಾದದ್ದು ಒಂದೇ: ನಿನ್ನೆ ಸುರಿದ ಮೇವಿನಲ್ಲಿ ಎಷ್ಟು ಉಳಿದಿದೆ? ನೆಕ್ಕಿ ಒರೆಸಿಟ್ಟಿದ್ದರೆ ಸೊನ್ನೆ. ಅಲ್ಲಲ್ಲಿ ಚೂರುಪಾರು ಬಿದ್ದಿದ್ದರೆ ಅರ್ಧ. ತಳದ ಉದ್ದಕ್ಕೂ ಒಂದು ಕಾಳಿನ ದಪ್ಪಕ್ಕೆ ತೆಳುವಾಗಿ ಹರಡಿದ್ದರೆ ಒಂದು. ಮುಟ್ಟಿಯೇ ಇಲ್ಲವೆಂದರೆ ನಾಲ್ಕು. ದಕ್ಷಿಣ ಡಕೋಟ ರಾಜ್ಯ ವಿಶ್ವವಿದ್ಯಾಲಯದವರು ರೂಢಿಗೆ ತಂದ ಈ ಅಂಕೆಗಳನ್ನು ಹಿಡಿದು ಪ್ರತಿ ಅಂಕಣಕ್ಕೂ ಇವತ್ತು ಎಷ್ಟು ಮೇವು ಎಂಬುದನ್ನು ಆತ ಸೂರ್ಯ ಹುಟ್ಟುವ ಮೊದಲೇ ನಿರ್ಧರಿಸಬೇಕು. ಒಂದು ಅಂಕಣದಲ್ಲಿ ನೂರೋ ಇನ್ನೂರೋ ದನ, ಇಡೀ ಯಾರ್ಡಿನಲ್ಲಿ ಮೂವತ್ತು, ನಲವತ್ತು ಸಾವಿರ. ಕಡಿಮೆ ಹಾಕಿದರೆ ಹಸಿದ ದನ ನಾಳೆ ಗಬಗಬನೆ ಮುಕ್ಕುತ್ತದೆ. ಹೆಚ್ಚು ಹಾಕಿದರೆ ಇವತ್ತೇ ಹೊಟ್ಟೆ ಕೆಡುತ್ತದೆ. ಪಶು ಆಹಾರದಲ್ಲಿ ಬೆರೆಸುವ ಮದ್ದು, ಮಿಶ್ರಣಗಳ ಮಾತು ಬಂದಾಗಲೆಲ್ಲ ನನಗೆ ಈ ದೀಪದ ಕೆಲಸವೇ ಮೊದಲು ನೆನಪಾಗುತ್ತದೆ. ಈ ಕಣ್ಣು ಸೋತ ಕಡೆ ಯಾವ ಮದ್ದೂ ಗೆಲ್ಲಿಸಲಾರದು.

ಗಾರ್ಡನ್ ಸಿಟಿಯಲ್ಲಿ ಅರ್ಲ್ ಬ್ರೂಕೋವರ್ 1951ರಲ್ಲಿ ಬಾಡಿಗೆಗೆ ದನ ಮೇಯಿಸಿಕೊಡುವ ಯಾರ್ಡ್ ತೆರೆದ. ಆ ಸೀಮೆಗೆ ಅದು ಹೊಸತು. ಒಣ ಹವೆ, ಕಡಿಮೆ ಮಳೆ, ಕೆಸರಿನ ಕಾಟ ಇಲ್ಲ. ನೆಲದಡಿಯ ಒಗಲಾಲ ಜಲನಿಧಿಯಿಂದ ನೀರೆತ್ತಿ ಬೆಳೆದ ಜೋಳ ಕೈಗೆಟಕುವಷ್ಟು ಹತ್ತಿರ. ಯಾರ್ಡುಗಳ ಹಿಂದೆಯೇ ದೊಡ್ಡ ಕಸಾಯಿ ಕಾರ್ಖಾನೆಗಳೂ ಬಂದವು. ಇವತ್ತು ಕಾನ್ಸಾಸಿನಲ್ಲಿ ಮನುಷ್ಯರಿಗಿಂತ ದನಗಳೇ ಎರಡು ಪಟ್ಟು.

ಈ ದನಗಳು ಹುಟ್ಟಿದ್ದು ಇಲ್ಲಲ್ಲ. ದೂರದ ಹುಲ್ಲುಗಾವಲುಗಳಲ್ಲಿ ತಾಯ ಹಾಲು ಕುಡಿದು, ಹುಲ್ಲು ಮೇದು, ಮುನ್ನೂರು ಮುನ್ನೂರೈವತ್ತು ಕಿಲೋ ತೂಗುವ ಹೊತ್ತಿಗೆ ಲಾರಿಯೇರಿ ಬರುತ್ತವೆ. ಐದಾರು ತಿಂಗಳು ಇಲ್ಲಿ ಕಾಳು ತಿಂದು ಆರುನೂರು ಕಿಲೋ ದಾಟಿದ ಮೇಲೆ ಮತ್ತೆ ಲಾರಿಯೇರುತ್ತವೆ. ದಿನಕ್ಕೆ ಒಂದೂವರೆ ಕಿಲೋಗೂ ಮೀರಿ ಮೈ ತುಂಬಿಕೊಳ್ಳುತ್ತವೆ. ಅದಕ್ಕೆ ನೀರಿನಂಶ ಬಿಟ್ಟು ಲೆಕ್ಕ ಹಾಕಿದರೂ ದಿನಕ್ಕೆ ಹತ್ತು ಕಿಲೋ ಮೇವು ಬೇಕು.

ಆ ಮೇವು ತಯಾರಾಗುವ ಗಿರಣಿಯ ಹತ್ತಿರ ನಿಂತರೆ ಕನ್ನಡಿಗರ ಮೂಗಿಗೆ ಗುರುತು ಸಿಗದಿರುವುದಿಲ್ಲ. ಎತ್ತರದ ಉಕ್ಕಿನ ಪೆಟ್ಟಿಗೆಯೊಳಗೆ ಮೆಕ್ಕೆಜೋಳ ಅರ್ಧ ಗಂಟೆಗೂ ಹೆಚ್ಚು ಹೊತ್ತು ಹಬೆಯಲ್ಲಿ ಬೇಯುತ್ತದೆ. ಕೆಳಗೆ ಎರಡು ಭಾರಿ ಉರುಳೆಗಳ ನಡುವೆ ಸಿಕ್ಕಿ ಚಪ್ಪಟೆಯಾಗಿ ಉದುರುತ್ತದೆ. ಬಿಸಿಯಾಗಿ ಅಂಗೈಗೆ ತೆಗೆದುಕೊಂಡರೆ ಹಳದಿ ಬಣ್ಣದ ದಪ್ಪ ಅವಲಕ್ಕಿಯೇ ಸರಿ. ಇಡೀ ಕಾಳಿನ ಒಂದು ಬುಶಲ್ 56 ಪೌಂಡ್ ತೂಗಿದರೆ ಇದು 28ರ ಆಸುಪಾಸಿಗೆ ಇಳಿಯುತ್ತದೆ, ಅಷ್ಟು ಅರಳಿರುತ್ತದೆ. ಒಳಗಿನ ಪಿಷ್ಟ ಸಡಿಲಗೊಂಡು ದನದ ಹೊಟ್ಟೆಗೆ ಬೇಗ ಒಗ್ಗುತ್ತದೆ. ಈ ಬೇಗ ಒಗ್ಗುವ ಗುಣದಲ್ಲೇ ಲಾಭವೂ ಇದೆ, ಅಪಾಯವೂ ಇದೆ. ಮೇವಿನ ಮುಕ್ಕಾಲು ಪಾಲು ಈ ಚಪ್ಪಟೆ ಜೋಳ, ಜೊತೆಗೆ ಎಥೆನಾಲ್ ಕಾರ್ಖಾನೆಗಳಿಂದ ಬರುವ ಹಿಂಡಿ, ಒಂದಿಷ್ಟು ಕೊಬ್ಬು, ಕಾಕಂಬಿ. ಒಣಹುಲ್ಲು ಅಥವಾ ರಸಮೇವು ಶೇ 8ರಿಂದ 10, ಅಷ್ಟೇ.

ಗಿರಣಿಯ ಮೂಲೆಯಲ್ಲಿ ಒಂದು ಪುಟ್ಟ ಕೋಣೆ. ಇಲ್ಲಿ ಟನ್ನುಗಳ ಗದ್ದಲವಿಲ್ಲ. ಸಾಲಾಗಿ ನಿಂತ ಉಕ್ಕಿನ ಡಬ್ಬಿಗಳಿಂದ ಕಂಪ್ಯೂಟರ್ ಗ್ರಾಂಗಳನ್ನು ತೂಗಿ ತೂಗಿ ಕೆಳಗಿನ ಬಾನಿಗೆ ಬೀಳಿಸುತ್ತದೆ. ಬಾನಿಯಲ್ಲಿ ನೀರು ಗಿರ್ರನೆ ತಿರುಗುತ್ತಿರುತ್ತದೆ. ಪುಡಿಗಳೆಲ್ಲ ಕರಗಿ, ಕಲಸಿ, ಕೊಳವೆಯಲ್ಲಿ ಹರಿದು ಟನ್ನುಗಟ್ಟಲೆ ಜೋಳದ ಮೇಲೆ ಚಿಮ್ಮುತ್ತವೆ. ವಿಟಮಿನ್ನುಗಳಿವೆ. ಮೊನೆನ್ಸಿನ್ ಎಂಬ ಮದ್ದಿದೆ, ಒಂದು ದನಕ್ಕೆ ದಿನಕ್ಕೆ ಕಾಲು ಗ್ರಾಂಗಿಂತ ತುಸು ಹೆಚ್ಚು. ಟೈಲೋಸಿನ್ ಎಂಬ ಆಂಟಿಬಯಾಟಿಕ್ ಇದೆ, ನೂರು ಮಿಲಿಗ್ರಾಂ ತಲುಪದಷ್ಟು. ಕಡಸುಗಳ ಅಂಕಣಕ್ಕೆ ಹೋಗುವ ಗಾಡಿಯಾದರೆ ಮೆಲೆಂಜೆಸ್ಟ್ರಾಲ್ ಎಂಬ ಹಾರ್ಮೋನು ಕೂಡ ಬೀಳುತ್ತದೆ. ಅದು ದಿನಕ್ಕೆ ಅರ್ಧ ಮಿಲಿಗ್ರಾಂ ಮೀರುವುದಿಲ್ಲ. ಅಷ್ಟರಲ್ಲೇ ಕಡಸು ಬೆದೆಗೆ ಬರುವುದು ನಿಲ್ಲುತ್ತದೆ, ಒಂದರ ಮೇಲೊಂದು ಹಾರಿ ಕಾಲು ಮುರಿದುಕೊಳ್ಳುವುದು ತಪ್ಪುತ್ತದೆ. ಅರ್ಧ ಮಿಲಿಗ್ರಾಂ ಪುಡಿಯನ್ನು ಹತ್ತು ಕಿಲೋ ಮೇವಿನಲ್ಲಿ ಸಮನಾಗಿ ಹಂಚುವುದು ಎಂಥ ಕೆಲಸ ಎಂದು ಒಂದು ಕ್ಷಣ ಯೋಚಿಸಬೇಕು. ಪಕ್ಕಪಕ್ಕದಲ್ಲಿ ನಿಂತ ಎರಡು ದನಗಳಲ್ಲಿ ಒಂದಕ್ಕೆ ಎರಡರಷ್ಟು, ಇನ್ನೊಂದಕ್ಕೆ ಏನೂ ಇಲ್ಲ ಎಂದಾಗಬಾರದು.

ಇಷ್ಟೆಲ್ಲ ಏಕೆ? ದನದ ಮೆಲುಕುಚೀಲ ಹುಲ್ಲಿಗಾಗಿ ಆದದ್ದು. ಬೆಳೆದ ದನದಲ್ಲಿ ಅದು ನೂರು ಲೀಟರಿಗೂ ಮೀರಿದ ಬೆಚ್ಚನೆಯ ಕೆರೆ. ಒಳಗೆ 39 ಡಿಗ್ರಿ ಶಾಖ, ಗಾಳಿಯ ಸುಳಿವಿಲ್ಲ. ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿಯ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳು. ಅವು ನಾರನ್ನು ನಿಧಾನವಾಗಿ ಹುದುಗಿಸಿ ಆಮ್ಲಗಳನ್ನು ಕೊಡುತ್ತವೆ, ಆ ಆಮ್ಲಗಳೇ ದನದ ಊಟ. ಹುಲ್ಲು ಮೆಲ್ಲುವಾಗ ಧಾರಾಳವಾಗಿ ಸುರಿಯುವ ಜೊಲ್ಲಿನಲ್ಲಿ ಸೋಡಾದ ಅಂಶವಿದ್ದು ಹುಳಿಯನ್ನು ತಣಿಸುತ್ತದೆ. ಇಲ್ಲಿಗೆ ಹುಲ್ಲಿನ ಬದಲು ಪಿಷ್ಟ ಬಂದು ಬಿದ್ದರೆ ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಜೀವಿ ನಿಮಿಷಗಳ ಲೆಕ್ಕದಲ್ಲಿ ಇಮ್ಮಡಿಯಾಗುತ್ತಾ ಲ್ಯಾಕ್ಟಿಕ್ ಆಮ್ಲವನ್ನು ಕಾರುತ್ತದೆ. ಮೆಲುಕು ನಿಲ್ಲುತ್ತದೆ, ಜೊಲ್ಲು ಬತ್ತುತ್ತದೆ, ಹುಳಿ ಏರುತ್ತದೆ. ನಮ್ಮ ಹಳ್ಳಿಗಳಲ್ಲಿ ಮದುವೆಮನೆಯ ಮಿಕ್ಕ ಅನ್ನ ತಿಂದೋ, ಕಣದ ರಾಗಿ ರಾಶಿಗೆ ಬಾಯಿ ಹಾಕಿಯೋ ಹೊಟ್ಟೆ ಬಿಗಿದು ಮಲಗಿದ ದನವನ್ನು ಕಂಡವರಿಗೆ ಈ ಸಂಕಟ ವಿವರಿಸಬೇಕಿಲ್ಲ. ಡಾಕ್ಟರು ಬರುವವರೆಗೆ ಅಡಿಗೆ ಸೋಡಾ ಕಲಸಿ ಕುಡಿಸಲು ಮನೆಯವರೆಲ್ಲ ಓಡಾಡುವುದೂ ಅವರಿಗೆ ನೆನಪಿರುತ್ತದೆ. ನಮ್ಮಲ್ಲಿ ಅಪರೂಪದ ಅಪಘಾತ ಅದು. ಗಾರ್ಡನ್ ಸಿಟಿಯಲ್ಲಿ ಪ್ರತಿ ದನವನ್ನೂ ಆ ಅಪಾಯದ ಅಂಚಿನ ಪಕ್ಕದಲ್ಲೇ ತಿಂಗಳುಗಟ್ಟಲೆ ನಡೆಸುತ್ತಾರೆ. ಹೊಸದಾಗಿ ಬಂದ ದನಕ್ಕೆ ಮೊದಲ ಮೂರು ನಾಲ್ಕು ವಾರ ಒಣಮೇವನ್ನು ಹೆಚ್ಚು ಕೊಟ್ಟು, ಹಂತ ಹಂತವಾಗಿ ಕಾಳು ಏರಿಸುವುದು ಈ ಕಾರಣಕ್ಕೇ.

ಈ ಹುಳಿಯ ಕಥೆಯನ್ನು ಬಿಡಿಸಿ ತೋರಿಸಿದವರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯ ಓದಿದ ಇಬ್ಬರಿದ್ದಾರೆ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಟಿ.ಜಿ. ನಾಗರಾಜ ಮತ್ತು ಎಂ.ಎಂ. ಚೆಂಗಪ್ಪ. ಇಬ್ಬರೂ ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ದಶಕಗಳ ಕಾಲ ದನದ ಹೊಟ್ಟೆಯ ಜೀವಿಗಳ ಬೆನ್ನು ಹತ್ತಿದವರು. ಅಂಥ ಪ್ರಯೋಗಗಳಿಗೆಂದೇ ಸಾಕಿದ ದನಗಳ ಎಡ ಪಕ್ಕೆಯಲ್ಲಿ ಅಂಗೈ ಅಗಲದ ರಬ್ಬರ್ ಬಿರಡೆ ಇರುತ್ತದೆ. ಶಸ್ತ್ರಕ್ರಿಯೆ ಮಾಡಿ ಕೂರಿಸಿದ ಕಿಟಕಿ ಅದು. ಬಿರಡೆ ತೆಗೆದರೆ ಬಿಸಿ ಹಬೆ, ಹುದುಗಿದ ಹುಲ್ಲಿನ ಹುಳಿವಾಸನೆ. ಉದ್ದ ಗವಸು ತೊಟ್ಟ ಕೈ ಭುಜದವರೆಗೂ ಒಳಗಿಳಿಯುತ್ತದೆ. ಮೇಲೆ ತೇಲುವ ಒರಟು ಮೇವು, ಅದರ ಕೆಳಗೆ ತೆಳುವಾದ ರಸ. ಇಡೀ ಚೀಲ ಅಲೆಯಲೆಯಾಗಿ ಹಿಂಡಿಕೊಳ್ಳುವುದು ಕೈಗೆ ತಾಗುತ್ತದೆ. ದನ ತನ್ನ ಪಾಡಿಗೆ ಮೆಲುಕು ಹಾಕುತ್ತಾ ನಿಂತಿರುತ್ತದೆ. ಹೀಗೆ ಹೊಟ್ಟೆಯ ರಸ ತೆಗೆದು ಅಳೆದು ನಾಗರಾಜ ಮತ್ತು ಅವರ ಸಂಗಡಿಗರು 1981ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು: ಮೊನೆನ್ಸಿನ್ ಅಥವಾ ಅದೇ ಬಗೆಯ ಲಸಲೋಸಿಡ್ ಪಡೆದ ದನಗಳಿಗೆ ಕಾಳನ್ನು ಒತ್ತಾಯದಿಂದ ತುಂಬಿದರೂ ಲ್ಯಾಕ್ಟಿಕ್ ಹುಳಿಯೇರಿ ಬೀಳುವುದನ್ನು ತಡೆಯಬಹುದು.

ಮೊನೆನ್ಸಿನ್ ಹುಟ್ಟಿದ್ದು ಮಣ್ಣಿನಲ್ಲಿ. ಸ್ಟ್ರೆಪ್ಟೊಮೈಸಿಸ್ ಸಿನಮೊನೆನ್ಸಿಸ್ ಎಂಬ ಮಣ್ಣಿನ ಜೀವಿ ತನ್ನ ಎದುರಾಳಿಗಳ ಮೇಲೆ ಬಿಡುವ ವಿಷ ಅದು. ಇಲೈ ಲಿಲ್ಲಿ ಕಂಪನಿಯ ವಿಜ್ಞಾನಿಗಳು 1967ರಲ್ಲಿ ಅದರ ರಚನೆಯನ್ನು ಬಿಡಿಸಿದರು. 1971ರಲ್ಲಿ ಕೋಳಿಗಳ ರಕ್ತಭೇದಿಗೆ ಮದ್ದಾಗಿ ಬಂತು, 1975ರ ಡಿಸೆಂಬರಿನಲ್ಲಿ ಅಮೆರಿಕದ ದನಗಳ ಗೋದಲಿಗೆ ಇಳಿಯಿತು. ಕೆಲಸ ಮಾಡುವ ರೀತಿ ಚೊಕ್ಕ. ಕೆಲವು ಬಗೆಯ ಬ್ಯಾಕ್ಟೀರಿಯಾಗಳ ಪೊರೆಯೊಳಕ್ಕೆ ನುಸುಳಿ ಸೋಡಿಯಂ ಅಯಾನನ್ನು ಒಳಗೆ ಬಿಟ್ಟು ಬರುತ್ತದೆ. ಆ ಜೀವಿ ತನ್ನ ಶಕ್ತಿಯನ್ನೆಲ್ಲ ಅದನ್ನು ಹೊರದಬ್ಬುವುದಕ್ಕೇ ಸುರಿದು ಬಳಲುತ್ತದೆ. ಲ್ಯಾಕ್ಟಿಕ್ ಆಮ್ಲ ಕಾರುವವೂ ಹೈಡ್ರೊಜನ್ ಬಿಡುವವೂ ಹೀಗೆ ಹಿಂದೆ ಬೀಳುತ್ತವೆ. ಹೊರಪೊರೆ ಇರುವ ಇನ್ನೊಂದು ಗುಂಪು ಉಳಿದು, ಪ್ರೊಪಿಯೋನಿಕ್ ಆಮ್ಲವನ್ನು ಹೆಚ್ಚಾಗಿ ಕೊಡುತ್ತದೆ. ದನದ ಪಿತ್ತಜನಕಾಂಗ ಅದನ್ನು ಸಕ್ಕರೆ ಮಾಡಿಕೊಳ್ಳುತ್ತದೆ. ಮೀಥೇನ್ ತುಸು ತಗ್ಗುತ್ತದೆ. ದನ ಒಮ್ಮೆಗೇ ಮುಕ್ಕುವುದನ್ನು ಬಿಟ್ಟು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ತಿನ್ನುತ್ತದೆ. ನೂರಾರು ಪ್ರಯೋಗಗಳ ಫಲಿತಾಂಶಗಳನ್ನು ಕೂಡಿಸಿ ನೋಡಿದ 2012ರ ಒಂದು ವಿಶ್ಲೇಷಣೆ ಮೇವು ಮಾಂಸವಾಗುವ ಪ್ರಮಾಣ ಸರಾಸರಿ ಶೇ 6.4 ಸುಧಾರಿಸುತ್ತದೆ ಎಂದು ಕಂಡುಕೊಂಡಿತು. ಐದು ತಿಂಗಳಲ್ಲಿ ಒಂದೂವರೆ ಟನ್ ಮೇವು ತಿನ್ನುವ ಒಂದು ದನಕ್ಕೆ ಅದು ಸುಮಾರು ನೂರು ಕಿಲೋ ಉಳಿತಾಯ. ಆ ನೂರು ಕಿಲೋ ಬೆಳೆಯಲು ಒಗಲಾಲದಿಂದ ಎತ್ತಬೇಕಿದ್ದ ನೀರೂ ಅಷ್ಟರ ಮಟ್ಟಿಗೆ ನೆಲದಲ್ಲೇ ಉಳಿಯಿತು.

ಯುರೋಪ್ ಒಕ್ಕೂಟ ಈ ಲೆಕ್ಕವನ್ನು ಒಪ್ಪಲಿಲ್ಲ. ಬೆಳವಣಿಗೆಗಾಗಿ ಆಂಟಿಬಯಾಟಿಕ್ ಕೊಡುವುದನ್ನೇ 2006ರ ಜನವರಿ 1ರಿಂದ ನಿಲ್ಲಿಸಿತು, ಮೊನೆನ್ಸಿನ್ ಕೂಡ ಅದರಲ್ಲಿ ಹೋಯಿತು. ಮನುಷ್ಯರ ಚಿಕಿತ್ಸೆಯಲ್ಲಿ ಎಲ್ಲೂ ಬಳಸದ, ದನದ ಹೊಟ್ಟೆಯ ಉರಿಯನ್ನು ನಿಜಕ್ಕೂ ತಗ್ಗಿಸುವ ಮದ್ದನ್ನು ಉಳಿದವುಗಳ ಜೊತೆಗೆ ಒಂದೇ ಗಂಟಿಗೆ ಕಟ್ಟಿದ್ದು ನನಗೆ ಸರಿಯೆನಿಸುವುದಿಲ್ಲ. ಬೆರೆಸುವ ಪ್ರತಿಯೊಂದು ಪುಡಿಗೂ ಕೇಳಬೇಕಾದ ಪ್ರಶ್ನೆ, ಅದರ ಹಿತ ಮೊದಲು ಯಾರಿಗೆ ಮುಟ್ಟುತ್ತದೆ ಎಂಬುದು. ಮೊನೆನ್ಸಿನ್‌ನ ಹಿತ ಮೊದಲು ದನಕ್ಕೇ ಮುಟ್ಟುತ್ತದೆ, ಆಮೇಲೆ ಒಡೆಯನಿಗೆ.

ಬೆಳಕು ಹರಿಯುತ್ತಿದ್ದಂತೆ ಕುದುರೆಗಳು ಬರುತ್ತವೆ. ಇಷ್ಟೊಂದು ಯಂತ್ರಗಳ ನಡುವೆಯೂ ಅಂಕಣದೊಳಗೆ ಹೋಗಿ ದನ ನೋಡುವುದು ಕುದುರೆಯ ಮೇಲೆ ಕೂತ ಸವಾರರೇ. ಒಬ್ಬೊಬ್ಬರೂ ದಿನಕ್ಕೆ ಸಾವಿರಗಟ್ಟಲೆ ದನಗಳ ನಡುವೆ ಹಾದು ಹೋಗುತ್ತಾರೆ. ತಲೆ ತಗ್ಗಿಸಿದ್ದು, ಕಿವಿ ಜೋಲಿದ್ದು, ಗುಂಪು ಬಿಟ್ಟು ಬೇಲಿಗೆ ಒರಗಿದ್ದು, ಹೊಟ್ಟೆ ಬತ್ತಿದ್ದು, ಕೆಮ್ಮಿದ್ದು. ಇವಿಷ್ಟನ್ನು ಓಡುನೋಟದಲ್ಲೇ ಹಿಡಿಯಬೇಕು. ದೂರದ ಪ್ರಯಾಣದಿಂದ ದಣಿದ ದನಕ್ಕೆ ಮೊದಲ ವಾರಗಳಲ್ಲಿ ಬರುವ ಶ್ವಾಸಕೋಶದ ಜ್ವರವೇ ಇಲ್ಲಿನ ದೊಡ್ಡ ಸಾವು. ಆ ಕುದುರೆಗಳಿಗೆ ಈ ಗೋದಲಿಗಳ ಮದ್ದು ಕಟ್ಟಾ ವಿಷ. ಮೈತೂಕದ ಪ್ರತಿ ಕಿಲೋಗೆ 2–3 ಮಿಲಿಗ್ರಾಂ ಮೊನೆನ್ಸಿನ್ ಹೊಟ್ಟೆಗೆ ಹೋದರೆ ಕುದುರೆ ಸಾಯಬಹುದು. ದನ ಅದರ ಹತ್ತರಷ್ಟು ತಾಳುತ್ತದೆ. ಕುದುರೆಯ ಹೃದಯದ ಸ್ನಾಯುವನ್ನೇ ಅದು ಕೊಲ್ಲುತ್ತದೆ, ಮರುಮದ್ದಿಲ್ಲ. ಬದುಕಿ ಉಳಿದ ಕುದುರೆ ಕೂಡ ತಿಂಗಳುಗಳ ಬಳಿಕ ಸವಾರಿಯ ನಡುವೆ ಕುಸಿದು ಬೀಳಬಹುದು. ಆದ್ದರಿಂದ ಕುದುರೆ ಲಾಯದ ಮೇವು ಬೇರೆ, ಅದನ್ನು ಒಯ್ಯುವ ಗಾಡಿ ಬೇರೆ. ಗಿರಣಿಯ ನೆಲದ ಮೇಲೆ ಚೆಲ್ಲಿದ ಗಾಢ ಪುಡಿಯನ್ನು ಗುಡಿಸುವವರೆಗೆ ಯಾರೂ ಅಲ್ಲಿಂದ ಕದಲುವುದಿಲ್ಲ. ಗ್ರಾಂ ತೂಗುವ ಆ ಪುಟ್ಟ ಕೋಣೆಯ ಶಿಸ್ತಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೇವಿನ ಲಾರಿಗಳು ಎರಡನೇ ಸುತ್ತು ಮುಗಿಸಿರುತ್ತವೆ. ದನಗಳು ಮಲಗಿ ಮೆಲುಕು ಹಾಕುತ್ತವೆ. ಬೇಸಿಗೆಯಾದರೆ ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಎಲ್ಲವೂ ಒಟ್ಟಿಗೆ ಎದ್ದು ಓಡಾಡುತ್ತವೆ, ಗುದ್ದಾಡುತ್ತವೆ. ಒಣಗಿದ ಸಗಣಿಯ ಧೂಳು ಮೇಲೆದ್ದು ಇಡೀ ಯಾರ್ಡ್ ಕಂದು ಮುಸುಕಿನಲ್ಲಿ ಮರೆಯಾಗುತ್ತದೆ. ಆ ಧೂಳನ್ನು ಯಾವ ಪುಡಿಯೂ ತಗ್ಗಿಸದು. ನೀರು ಚಿಮುಕಿಸುವುದು, ಸಗಣಿ ಬಳಿದು ತೆಗೆಯುವುದು, ಇವೆರಡೇ ದಾರಿ.

ದನ ಹೊರಡುವ ಮುಂಚಿನ ಕೊನೆಯ ವಾರಗಳ ಮೇವಿನಲ್ಲಿ ಬೇರೊಂದು ಬಗೆಯ ಮದ್ದು ಬರುವುದುಂಟು. ಬೀಟಾ ಅಗೊನಿಸ್ಟ್ ಎನ್ನುತ್ತಾರೆ. ಕೊಬ್ಬಾಗಬೇಕಿದ್ದ ಮೇವನ್ನು ಇವು ಸ್ನಾಯುವಿನ ಕಡೆಗೆ ತಿರುಗಿಸುತ್ತವೆ. ಜಿಲ್ಪಟೆರಾಲ್‌ಗೆ ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಮೂರು ವಾರ ಕೊಟ್ಟರೆ ಮಾಂಸದ ತೂಕ ಹತ್ತು ಹದಿನೈದು ಕಿಲೋ ಏರುತ್ತಿತ್ತು. 2013ರ ಆಗಸ್ಟಿನಲ್ಲಿ ಟೈಸನ್ ಕಂಪನಿ, ಕಾರ್ಖಾನೆಗೆ ಬಂದ ಕೆಲವು ದನಗಳು ನಡೆಯಲಾಗದೆ ಕಷ್ಟಪಡುತ್ತಿರುವುದನ್ನು ಹೇಳಿ, ಈ ಮದ್ದು ತಿಂದ ದನಗಳನ್ನು ಕೊಳ್ಳುವುದಿಲ್ಲ ಎಂದು ಪ್ರಕಟಿಸಿತು. ಅದೇ ತಿಂಗಳು ತಯಾರಕರಾದ ಮರ್ಕ್ ಮಾರಾಟ ನಿಲ್ಲಿಸಿದರು. ನಡೆಯಲಾಗದ ದನಕ್ಕೆ ಕಾರಣ ಮದ್ದೋ, ಬಿಸಿಲೋ, ವಿಪರೀತ ತೂಕವೋ ಎಂಬ ವಾದ ಬಹಳ ದಿನ ನಡೆಯಿತು. ನನ್ನ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ಉತ್ತರ ಸರಳ. ಕೊನೆಯ ಇಪ್ಪತ್ತು ದಿನಗಳಲ್ಲಿ ಏರಿದ ಆ ತೂಕದಿಂದ ದನಕ್ಕೆ ಯಾವ ಸುಖವೂ ಇಲ್ಲ.

ಕಸಾಯಿ ಕಾರ್ಖಾನೆಯ ಒಳಗೆ ಹೋದವರಿಗೆ ಮೊದಲು ಎದುರಾಗುವುದು ಸದ್ದು. ಸರಪಳಿಯಲ್ಲಿ ತೂಗುತ್ತಾ ಒಂದರ ಹಿಂದೊಂದು ಬರುವ ದೇಹಗಳಿಂದ ಪಿತ್ತಜನಕಾಂಗಗಳನ್ನು ಬಿಡಿಸಿ ಸಾಗುಪಟ್ಟಿಯ ಮೇಲೆ ಇಡುತ್ತಾರೆ. ಸರ್ಕಾರಿ ತಪಾಸಣಾಧಿಕಾರಿ ಕೈಯಾಡಿಸಿ ನೋಡುತ್ತಾನೆ. ಹೆಚ್ಚಿನವು ನುಣುಪಾಗಿ, ಕಡುಗೆಂಪಾಗಿ ಹೊಳೆಯುತ್ತವೆ. ನಡುನಡುವೆ ಬಿಳಿ ಹಳದಿ ಗಂಟುಗಳಿರುವುದು ಬರುತ್ತದೆ, ಒಳಗೆ ಕೆನೆಯಷ್ಟು ದಪ್ಪದ ಕೀವು. ಕೆಲವಂತೂ ವಪೆಗೆ ಅಂಟಿಕೊಂಡು, ಬಿಡಿಸುವಾಗ ಒಡೆದು ಮಾಂಸವನ್ನೂ ಹಾಳು ಮಾಡುತ್ತವೆ. ಹುಳಿಗೆ ಬೆಂದ ಮೆಲುಕುಚೀಲದ ಗೋಡೆಯ ಗಾಯದಿಂದ ಫ್ಯೂಸೊಬ್ಯಾಕ್ಟೀರಿಯಂ ನೆಕ್ರೊಫೊರಂ ಎಂಬ ಜೀವಿ ರಕ್ತಕ್ಕೆ ಇಳಿದು ಇಲ್ಲಿ ಮನೆ ಮಾಡಿರುತ್ತದೆ. ಗೋದಲಿಯ ಬಳಿ ಹೊರನೋಟಕ್ಕೆ ಆರೋಗ್ಯವಾಗಿ ಕಂಡ ದನ ತಿಂಗಳುಗಟ್ಟಲೆ ಈ ಕೀವು ಹೊತ್ತು ನಡೆದಿತ್ತು ಎಂಬುದು ಇಲ್ಲಿಯೇ ಗೊತ್ತಾಗುವುದು. ನಾಗರಾಜ ಮತ್ತು ಚೆಂಗಪ್ಪ 1998ರಲ್ಲಿ ಜೊತೆಯಾಗಿ ಬರೆದ ಸಮೀಕ್ಷಾ ಲೇಖನ ಇಂದಿಗೂ ಈ ವಿಷಯದಲ್ಲಿ ಎಲ್ಲರೂ ಮೊದಲು ತೆರೆಯುವ ಪುಟ. ಹೆಚ್ಚಿನ ಯಾರ್ಡುಗಳಲ್ಲಿ ನೂರಕ್ಕೆ 12ರಿಂದ 32 ದನಗಳಲ್ಲಿ ಈ ಕೀವುಗಂಟು ಕಾಣುತ್ತದೆಂದೂ, ಟೈಲೋಸಿನ್ ಅದನ್ನು ಶೇ 40ರಿಂದ 70 ತಗ್ಗಿಸುತ್ತದೆಂದೂ ಅವರು ಬರೆದರು.

ಈ ಟೈಲೋಸಿನ್ ವಿಷಯದಲ್ಲಿ ಮನಸ್ಸು ಎರಡು ಕಡೆ ಎಳೆಯುತ್ತದೆ. ಅದು ಮ್ಯಾಕ್ರೋಲೈಡ್ ವರ್ಗದ್ದು, ಮನುಷ್ಯರ ಎರಿಥ್ರೊಮೈಸಿನ್‌ಗೆ ದಾಯಾದಿ. ತಿಂಗಳುಗಟ್ಟಲೆ ಚೂರು ಚೂರಾಗಿ ಕೊಟ್ಟರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ದನದ ಕರುಳಿನಲ್ಲಿ ಹೆಚ್ಚುವ ಭಯ ಸುಳ್ಳಲ್ಲ. ಅಮೆರಿಕ 2017ರ ಜನವರಿ 1ರಿಂದ ಇಂಥವನ್ನು ಬೆಳವಣಿಗೆಗಾಗಿ ಕೊಡುವುದನ್ನು ನಿಲ್ಲಿಸಿ, ರೋಗ ತಡೆಯಲು ಕೊಡಬೇಕಾದರೂ ಪಶುವೈದ್ಯರ ಲಿಖಿತ ಆದೇಶ ಬೇಕೆಂದಿತು. ಆದರೆ ಆಂಟಿಬಯಾಟಿಕ್ ಮುಟ್ಟಿಸದೆ ಸಾಕಿದ್ದೆಂದು ಹೆಚ್ಚು ಬೆಲೆಗೆ ಮಾರುವ ದನಗಳಿಗೂ ಅದೇ ಕಾಳನ್ನು ತುಂಬಿದರೆ ಕೀವುಗಂಟು ಇನ್ನೂ ಹೆಚ್ಚು. ಚೀಟಿ ಓದಿ ಕೊಳ್ಳುವ ಗ್ರಾಹಕನಿಗೆ ಅದು ಕಾಣುವುದಿಲ್ಲ, ಅನುಭವಿಸುವುದು ದನ. ಹುಳಿಯನ್ನೇ ತಿನ್ನುವ ಮೆಗಸ್ಫೇರ ಎಲ್ಸ್‌ಡೆನಿ ಎಂಬ ಬ್ಯಾಕ್ಟೀರಿಯಾವನ್ನು ಕುಡಿಸುವುದು, ಯೀಸ್ಟ್, ಗಿಡಮೂಲಿಕೆಗಳ ಎಣ್ಣೆ, ಲಸಿಕೆ, ಇವೆಲ್ಲ ಪ್ರಯತ್ನದಲ್ಲಿವೆ. ನಮ್ಮ ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣಾ ಸಂಸ್ಥೆ ಒಗರಿನ ಅಂಶ ಹೆಚ್ಚಿರುವ ಸಸ್ಯಗಳಿಂದ ಹರಿತ್ ಧಾರಾ ಎಂಬ ಮಿಶ್ರಣ ಮಾಡಿದೆ, ಅದರ ಗುರಿ ಮೀಥೇನ್. ಒಂದೊಂದೂ ಒಂದೊಂದು ತುಣುಕನ್ನು ಹಿಡಿದಿದೆ. ಟೈಲೋಸಿನ್‌ನ ಜಾಗವನ್ನು ಪೂರ್ತಿ ತುಂಬಿದ್ದು ಇನ್ನೂ ಬಂದಿಲ್ಲ.

ಸರಪಳಿಯ ಪಕ್ಕದಲ್ಲಿ ಹಲಗೆ ಹಿಡಿದು ನಿಂತವನು ಪ್ರತಿ ಪಿತ್ತಜನಕಾಂಗಕ್ಕೂ ಗುರುತು ಹಾಕುತ್ತಾನೆ. ಯಾವ ಯಾರ್ಡ್, ಯಾವ ಅಂಕಣ, ಎಷ್ಟು ಗಂಟು, ಎಷ್ಟು ದೊಡ್ಡದು. ಆ ಪಟ್ಟಿ ಗಾರ್ಡನ್ ಸಿಟಿಗೆ ಮರಳಿ ಪೋಷಣಾ ತಜ್ಞರ ಮೇಜಿಗೆ ಬರುತ್ತದೆ. ಯಾವ ಅಂಕಣದ ಸಂಖ್ಯೆ ಏರಿದೆಯೋ ಅಲ್ಲಿ ಕಾಳನ್ನು ಬೇಗ ಏರಿಸಿದರೇ, ಜೋಳವನ್ನು ತೀರಾ ತೆಳುವಾಗಿ ಒತ್ತಿದರೇ, ಮೇವಿನ ಲಾರಿ ಹೊತ್ತು ತಪ್ಪಿತೇ ಎಂದು ಅವರು ಹಿಂದಕ್ಕೆ ಹುಡುಕುತ್ತಾ ಹೋಗುತ್ತಾರೆ. ಒಣಹುಲ್ಲನ್ನು ಶೇ 8ರಿಂದ ಕೆಲವು ಅಂಶ ಏರಿಸಿದರೆ ಗಂಟು ಕಡಿಮೆಯಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಹುಲ್ಲು ಹಗುರ, ಲಾರಿ ಬಾಡಿಗೆ ಭಾರ, ತೂಕ ಏರುವುದು ನಿಧಾನ, ಅದೂ ಗೊತ್ತು. ಒಂದು ದನ ಹದಿನೈದಿಪ್ಪತ್ತು ದಿನ ಹೆಚ್ಚು ನಿಂತರೆ ಆಗುವ ಖರ್ಚನ್ನು ಯಾರು ಹೊರಬೇಕು ಎಂಬಲ್ಲಿಗೆ ಪ್ರತಿ ಸಲವೂ ಮಾತು ನಿಲ್ಲುತ್ತದೆ. ಮಾಂಸ ಕೊಳ್ಳುವವರು ಹೊರಬೇಕು ಎಂಬುದು ನನ್ನ ಮಾತು, ಅಷ್ಟು ಹುಲ್ಲು ಆ ದನಕ್ಕೆ ಸಲ್ಲಬೇಕಾದದ್ದು.